ಸಿಎಚ್‌ಒ ಬಂದ ಮೇಲೆ ಸಬ್ ಸೆಂಟರ್‌ನಲ್ಲಿ ಯಾರ ಕೆಲಸ ಯಾರಿಗೆ? ಬಿಪಿ-ಶುಗರ್ ಮಾತ್ರೆ ಪಿಎಚ್‌ಸಿಯಿಂದ ಕೆಳಗಿಳಿಸೋದು ಹೇಗೆ?

ಗುಡಿಬಂಡೆ ಎಂಒ
ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರ) ಎಂಒ, ಅಂದರೆ ವೈದ್ಯಾಧಿಕಾರಿ. ಅದರ ಕೆಳಗೆ ಐದು ಸಬ್ ಸೆಂಟರ್ (ಉಪಕೇಂದ್ರ). ಮೂರರಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ) ಇದ್ದಾರೆ, ಐದರಲ್ಲೂ ಪಿಎಚ್‌ಸಿಒ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ) ಇದ್ದಾರೆ, ಎಚ್‌ಐಒ (ಆರೋಗ್ಯ ನಿರೀಕ್ಷಣಾಧಿಕಾರಿ) ಮಾತ್ರ ಒಬ್ಬರೇ. ಬಿಪಿ-ಶುಗರ್ ರೋಗಿಗಳು ತಿಂಗಳಿಗೊಂದು ಸಲ ಬಸ್ ಹತ್ತಿ ಇಲ್ಲಿವರೆಗೆ ಬರೋದು ತಪ್ಪಿಸಿ, ಮಾತ್ರೆ ಸಬ್ ಸೆಂಟರ್‌ನಲ್ಲೇ ಸಿಗೋ ಹಾಗೆ ಮಾಡಬೇಕು. ಮಾತ್ರೆ ಯಾರು ಕೊಡಬೇಕು, ಸ್ಟಾಕ್ ಯಾರ ಹೆಸರಲ್ಲಿರಬೇಕು, ಬಾರದ ರೋಗಿಯನ್ನ ಯಾರು ಹುಡುಕಬೇಕು, ಡೋಸ್ ಹೆಚ್ಚಿಸೋದು ಯಾರು? ಸುತ್ತೋಲೆಗಳಲ್ಲಿ ಎಲ್ಲರಿಗೂ ಎಲ್ಲ ಕೆಲಸವೂ ಇದೆ, ಹಾಗಾಗಿ ಅವು ಉಪಯೋಗಕ್ಕೆ ಬರ್ತಿಲ್ಲ. ನಡೆಸ್ತಿರೋರು ದಯವಿಟ್ಟು ಹೇಳಿ.

ಸಿಎಚ್‌ಒ ಮಧುಗಿರಿ
ಸರ್, ಹುದ್ದೆ ನೋಡಿ ಕೆಲಸ ಹಂಚಿದರೆ ಜಗಳ ಗ್ಯಾರಂಟಿ. ಪಟ್ಟಿ ನೋಡಿ ಹಂಚಿ. ಸಬ್ ಸೆಂಟರ್‌ನಲ್ಲಿ ಓಡೋದು ನಾಲ್ಕೇ ಪಟ್ಟಿ: ಗರ್ಭಿಣಿ-ಮಗು, 30 ವರ್ಷ ದಾಟಿದವರು, ಈಗಾಗಲೇ ಮಾತ್ರೆ ನುಂಗ್ತಿರೋ ಬಿಪಿ-ಶುಗರ್‌ನವರು, ಜ್ವರ-ಟಿಬಿ-ನೀರು. ಒಂದೊಂದಕ್ಕೂ ಒಬ್ಬರೇ ಜವಾಬ್ದಾರರು. ಮೊದಲನೆಯದು ಪಿಎಚ್‌ಸಿಒ, ಎರಡು-ಮೂರು ಸಿಎಚ್‌ಒ, ನಾಲ್ಕನೆಯದು ಎಚ್‌ಐಒ. ಕೈ ಜೋಡಿಸೋದು ಯಾರು ಬೇಕಾದರೂ ಜೋಡಿಸಲಿ. ಆದರೆ ತಿಂಗಳ ಮೀಟಿಂಗ್‌ನಲ್ಲಿ "ಈ ಹೆಸರು ಯಾಕೆ ಬಾಕಿ" ಅಂತ ಕೇಳಿದಾಗ ಇಬ್ಬರು ಒಬ್ಬರ ಮುಖ ಒಬ್ಬರು ನೋಡೋ ಹಾಗಾಗಬಾರದು.

ಲೆಕ್ಕ ನೋಡಿ. 5,000 ಜನಸಂಖ್ಯೆಯ ಸಬ್ ಸೆಂಟರ್‌ನಲ್ಲಿ 30 ದಾಟಿದವರು ಶೇ. 37 ಅಂತ ಮಾರ್ಗಸೂಚಿ ಹಿಡಿಯುತ್ತೆ, ಅಂದರೆ ಸುಮಾರು 1,850 ಜನ. ಬಿಪಿ-ಶುಗರ್ ತಪಾಸಣೆ ಎಲ್ಲರಿಗೂ ವರ್ಷಕ್ಕೊಮ್ಮೆ. 250 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಏಳೆಂಟು. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ, ಅದು ಬೇರೆ. ಇಷ್ಟೇ ಆದರೆ ಹಗುರ. ಆದರೆ ತಪಾಸಣೆ ಮಾಡಿದಷ್ಟೂ ಮೂರನೇ ಪಟ್ಟಿ ಬೆಳೆಯುತ್ತೆ. ಅದರಲ್ಲಿ 300 ಜನ ಸೇರಿದರೆ ತಿಂಗಳಿಗೆ 300 ಭೇಟಿ, ದಿನಕ್ಕೆ ಸುಮಾರು ಹದಿನಾಲ್ಕು. ಕೂರಿಸಿ ಬಿಪಿ ನೋಡಿ, ಕಾಲು ನೋಡಿ, ಹಿಂದಿನ ಮಾತ್ರೆ ಎಷ್ಟು ಉಳಿದಿದೆ ಎಣಿಸಿ, ಬರೆದು ಕಳಿಸೋಕೆ ತಲಾ ಎಂಟು-ಹತ್ತು ನಿಮಿಷ. ದಿನಕ್ಕೆ ಸುಮಾರು ಎರಡು ಗಂಟೆ ಇದಕ್ಕೇ ಬೇಕು. ಮೇಲಿನಿಂದ ಕೇಳೋದು ಸ್ಕ್ರೀನಿಂಗ್ ಸಂಖ್ಯೆ, ಆದ್ದರಿಂದ ಫಾಲೋಅಪ್ ಜಾರಿಹೋಗುತ್ತೆ. ಹೊಸದಾಗಿ ನೂರು ಜನ ಪತ್ತೆ, ಹಳಬರಲ್ಲಿ ಅರ್ಧ ಜನ ಮಾತ್ರೆ ಬಿಟ್ಟಿದ್ದಾರೆ ಅನ್ನೋ ಸ್ಥಿತಿ ಬರೋದು ಹೀಗೇ.

ಬಾರದವರನ್ನ ಹಿಡಿಯೋಕೆ ಆಪ್ ನಂಬಿ ಕೂರಬೇಡಿ. ತಾರೀಖಿನ ಡಬ್ಬ ಇಡಿ: ರಟ್ಟಿನ ಡಬ್ಬದಲ್ಲಿ 1ರಿಂದ 31ರವರೆಗೆ ಅಡ್ಡ ರಟ್ಟು, ಪ್ರತಿ ರೋಗಿಗೆ ಒಂದು ಚಿಕಿತ್ಸಾ ಕಾರ್ಡ್. ಕಾರ್ಡ್ ನಿಲ್ಲೋದು ಮುಂದಿನ ಬಾರಿ ಬರಬೇಕಾದ ತಾರೀಖಿನ ಹಿಂದೆ. ಬಂದರೆ ಮುಂದಿನ ತಾರೀಖಿಗೆ ಹೋಗುತ್ತೆ. ಬಾರದಿದ್ದರೆ ಕಾರ್ಡ್ ಅಲ್ಲೇ ಕೂತಿರುತ್ತೆ. ಶನಿವಾರ ಹಿಂದಿನ ಆರು ದಿನದ ಸಂದುಗಳಲ್ಲಿ ಉಳಿದಿರೋ ಕಾರ್ಡ್ ತೆಗೆದರೆ ಅದೇ ಆ ವಾರದ ಬಾಕಿ ಪಟ್ಟಿ. ಮೊದಲು ಫೋನ್, ಸಿಗದಿದ್ದರೆ ಆಶಾಗೆ ಹೆಸರು. ಒಂದು ಆಶಾಗೆ ವಾರಕ್ಕೆ ಐದು ಹೆಸರಿಗಿಂತ ಜಾಸ್ತಿ ಕೊಟ್ಟರೆ ಯಾವುದೂ ಆಗಲ್ಲ.

ಫಾರ್ಮಸಿ ಕಿಟಕಿ, ಕೋಲಾರ
ಸ್ಟಾಕ್ ವಿಷಯ ನಾನು ಹೇಳ್ತೀನಿ. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ರೂಲ್ಸ್‌ನ ಷೆಡ್ಯೂಲ್ ಕೆ, 23ನೇ ಅಂಶ ಓದಿ. ಪಿಎಚ್‌ಸಿ ಮತ್ತು ಸಬ್ ಸೆಂಟರ್‌ನ ಆರೋಗ್ಯ ಕಾರ್ಯಕರ್ತರು ಸರ್ಕಾರಿ ಆರೋಗ್ಯ ಕಾರ್ಯಕ್ರಮದಡಿ ಬಂದ ಔಷಧ ವಿತರಿಸೋಕೆ ಅದರಲ್ಲಿ ವಿನಾಯಿತಿ ಇದೆ. ವಿನಾಯಿತಿ ಇರೋದು ವಿತರಣೆಗೆ. ಅದನ್ನೇ ಚೀಟಿ ಬರೆಯೋ ಅಧಿಕಾರ ಅಂದ್ಕೋಬೇಡಿ.

ಇನ್ನು ಪ್ರಮಾಣ. ಒಂದು ಸಬ್ ಸೆಂಟರ್‌ನಲ್ಲಿ ಅಮ್ಲೋಡಿಪಿನ್ 5 ಮಿ.ಗ್ರಾಂ ದಿನಕ್ಕೊಂದರಂತೆ 200 ಜನ ಅಂದ್ಕೊಳ್ಳಿ: ತಿಂಗಳಿಗೆ 6,000 ಮಾತ್ರೆ. ಮೆಟ್‌ಫಾರ್ಮಿನ್ 500 ದಿನಕ್ಕೆರಡರಂತೆ 100 ಜನ: ಅದೂ 6,000. ಇದರ ಮೇಲೆ ಹದಿನೈದು ದಿನದ ಬಫರ್, ಅಂದರೆ ತಲಾ 9,000 ಕೈಯಲ್ಲಿರಬೇಕು. "ಕಳೆದ ತಿಂಗಳು ಎಷ್ಟು ಖರ್ಚಾಯ್ತು" ಅಂತ ನೋಡಿ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕೋದೇ ಎಡವಟ್ಟು. ಕಳೆದ ತಿಂಗಳು ಸ್ಟಾಕ್ ಇಲ್ಲದೆ 3,000 ಖರ್ಚಾಗಿದ್ದರೆ ಈ ತಿಂಗಳೂ 3,000ವೇ ಬರುತ್ತೆ, ಕೊರತೆ ತಾನಾಗೇ ಮುಂದುವರಿಯುತ್ತೆ. ಡಬ್ಬದಲ್ಲಿರೋ ಕಾರ್ಡ್ ಎಣಿಸಿ ಇಂಡೆಂಟ್ ಹಾಕಿ.

ಪಿಎಚ್‌ಸಿ ಫಾರ್ಮಸಿಯಿಂದ ಸಬ್ ಸೆಂಟರ್‌ಗೆ ಹೋದ ಮಾತ್ರೆ ಇ-ಔಷಧದಲ್ಲಿ (ಔಷಧ ಸ್ಟಾಕ್‌ನ ಆನ್‌ಲೈನ್ ಲೆಕ್ಕ) ಖರ್ಚು ಅಂತ ತೋರಿಸಿ ಮರೆತುಬಿಡೋ ಅಭ್ಯಾಸ ಎಲ್ಲ ಕಡೆ ಇದೆ. ಆಮೇಲೆ ಕೆಳಗೆ ಎಕ್ಸ್‌ಪೈರಿ ಆದರೂ ಯಾರಿಗೂ ಗೊತ್ತಾಗಲ್ಲ. ಸಬ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಬ್ಯಾಚ್ ನಂಬರ್ ಮತ್ತು ಅವಧಿ ಬರೆಸಿ, ಕೊಟ್ಟವರು-ಪಡೆದವರು ಇಬ್ಬರ ಸಹಿ. ಮೊದಲು ಅವಧಿ ಮುಗಿಯೋ ಮಾತ್ರೆ ಎದುರಿನ ಸಾಲಲ್ಲಿ ಇಡಿ. ಮೂರು ತಿಂಗಳಲ್ಲಿ ಮುಗಿಯೋ ಬ್ಯಾಚ್‌ನ ಸಬ್ ಸೆಂಟರ್‌ಗೆ ಕಳಿಸಲೇಬೇಡಿ, ಪಿಎಚ್‌ಸಿ ಕಿಟಕಿಯಲ್ಲಿ ಬೇಗ ಖಾಲಿಯಾಗುತ್ತೆ.

ಇನ್ನೊಂದು ಮಾತು. ಟೆಲ್ಮಿಸಾರ್ಟನ್ ತೇವ ಎಳೆದುಕೊಳ್ಳೋ ಮಾತ್ರೆ. ಸ್ಟ್ರಿಪ್‌ನಿಂದ ಬಿಡಿಸಿ ಪೇಪರ್ ಕವರಲ್ಲಿ ಹಾಕಿ ಕೊಡಬೇಡಿ. ಸ್ಟ್ರಿಪ್ ಕತ್ತರಿಸಲೇಬೇಕಾದರೆ ಮಾತ್ರೆ ಇರೋ ಗುಳಿ ಒಡೆಯದ ಹಾಗೆ ಕತ್ತರಿಸಿ. ಇನ್ಸುಲಿನ್ ಬಂದರೆ 2ರಿಂದ 8 ಡಿಗ್ರಿ, ಆದರೆ ಐಎಲ್‌ಆರ್ (ಲಸಿಕೆ ಇಡೋ ವಿಶೇಷ ಫ್ರಿಜ್) ಒಳಗೆ ಅಲ್ಲ. ಐಎಲ್‌ಆರ್‌ನಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡೋ ಹಾಗಿಲ್ಲ. ಮಾಮೂಲಿ ಫ್ರಿಜ್ ಇಲ್ಲದಿದ್ದರೆ ಇನ್ಸುಲಿನ್ ಪಿಎಚ್‌ಸಿಯಲ್ಲೇ ಇರಲಿ.

ಶಿರಾ ಪಿಎಚ್‌ಸಿಒ
ಪಟ್ಟಿ ಹಂಚಿಕೆ ಕೇಳೋಕೆ ಚೆಂದ, ಸಿಎಚ್‌ಒ ಮೇಡಂ. ಗುರುವಾರ ಏನಾಗುತ್ತೆ ನೋಡಿ. ಲಸಿಕೆ ದಿನ. ಪಿಎಚ್‌ಸಿಒ ಲಸಿಕೆ ಕ್ಯಾರಿಯರ್ ಹಿಡಿದು ಅಂಗನವಾಡಿಗೆ ಹೋಗ್ತಾರೆ. ಕಂಡೀಷನ್ ಮಾಡಿದ (ಸ್ವಲ್ಪ ಕರಗಿಸಿದ) ನಾಲ್ಕು ಐಸ್‌ಪ್ಯಾಕ್, ಬಾಟಲಿ ಎಣಿಕೆ, ಡ್ಯೂ ಲಿಸ್ಟ್ (ಲಸಿಕೆ ಹಾಕಬೇಕಾದವರ ಪಟ್ಟಿ), ಯುವಿನ್ (ಲಸಿಕೆಯ ಆನ್‌ಲೈನ್ ದಾಖಲೆ) ನಮೂದು, ಮಗು ಅರ್ಧ ಗಂಟೆ ಕೂತಿರೋ ಹಾಗೆ ನೋಡೋದು. ಎಂಆರ್ (ದಡಾರ-ರುಬೆಲ್ಲಾ), ಬಿಸಿಜಿ ಲಸಿಕೆ ಕಲಸಿದ ಮೇಲೆ ನಾಲ್ಕು ಗಂಟೆ ಮಾತ್ರ, ಸಮಯ ಬಾಟಲಿ ಮೇಲೇ ಬರೀಬೇಕು. ಅದೇ ದಿನ ಅದೇ ಅಂಗನವಾಡಿಗೆ ಬಿಪಿ ಕ್ಯಾಂಪ್ ಅಂತ ಸಿಎಚ್‌ಒ ಬಂದು ಕೂತರೆ, ಆಶಾ ಯಾರ ಮಾತು ಕೇಳಬೇಕು? ತಾಯಂದಿರನ್ನ ಕರ್ಕೊಂಡು ಬರೋದಾ, ಅಜ್ಜ-ಅಜ್ಜಿಯರನ್ನಾ? ಗುರುವಾರ ಬಿಪಿ ಕ್ಯಾಂಪ್ ಬೇಡವೇ ಬೇಡ. ಸಿಎಚ್‌ಒ ಅವತ್ತು ಸೆಂಟರ್‌ನಲ್ಲಿ ಓಪಿಡಿ ನಡೆಸಲಿ. ಎಲ್ಲರೂ ಊರಿಗೆ ಹೋದರೆ ಸೆಂಟರ್ ಬೀಗ ಹಾಕಿರುತ್ತೆ, ಬಂದ ರೋಗಿ ವಾಪಸ್ ಹೋಗ್ತಾನೆ, ಇನ್ನೊಂದು ಸಲ ಬರಲ್ಲ.

ಗರ್ಭಿಣಿಯ ಬಿಪಿ ಏರಿದರೆ ಅದು ಯಾರ ಪಟ್ಟಿ? ಇದನ್ನ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಗರ್ಭಿಣಿ ಅಂದರೆ ಹೆರಿಗೆಯಾಗಿ 42 ದಿನದವರೆಗೂ ಪಿಎಚ್‌ಸಿಒ ಪಟ್ಟಿಯಲ್ಲೇ ಇರಲಿ, ಬಿಪಿ ಇರಲಿ ಶುಗರ್ ಇರಲಿ. 140/90 ಬಂದರೆ ಅವತ್ತೇ ಎಂಒಗೆ. ಆಮೇಲೆ ಸಿಎಚ್‌ಒ ಪಟ್ಟಿಗೆ ಬರವಣಿಗೆಯಲ್ಲಿ ದಾಟಿಸಿ. ಗರ್ಭಾವಸ್ಥೆಯಲ್ಲಿ ಬಿಪಿ, ಶುಗರ್ ಬಂದವರಿಗೆ ಮುಂದೆ ಅದೇ ಕಾಯಿಲೆ ನಿಲ್ಲೋ ಸಾಧ್ಯತೆ ಜಾಸ್ತಿ, ಈ ದಾಟುವ ಜಾಗದಲ್ಲೇ ಅವರು ಕೈತಪ್ಪಿ ಹೋಗೋದು.

ಕೋಣೆಯ ಮಾತೂ ಇದೆ. 2018ರ ನಂತರ ವೆಲ್‌ನೆಸ್ ಸೆಂಟರ್, 2023ರ ಕೊನೆಯಲ್ಲಿ ಆರೋಗ್ಯ ಮಂದಿರ, ಬೋರ್ಡ್ ಬದಲಾಗಿದೆ, ಒಳಗಿನ ಟೇಬಲ್ ಒಂದೇ. ಇಬ್ಬರಿಗೂ ಬೇರೆ ಬೇರೆ ಅಲ್ಮೇರಾ, ಬೇರೆ ಬೇರೆ ಬೀಗ ಕೊಡಿಸಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತೆ.

ಲ್ಯಾಬ್, ಚಿಂತಾಮಣಿ
ಸಬ್ ಸೆಂಟರ್‌ನಿಂದ "ಶುಗರ್ ಜಾಸ್ತಿ" ಅಂತ ಬಂದವರಲ್ಲಿ ಎಷ್ಟೋ ಜನರದ್ದು ಇಲ್ಲಿ ಸರಿಯಾಗೇ ಇರುತ್ತೆ. ಕಾಯಿಲೆ ಇರೋದು ಬೆರಳು ಚುಚ್ಚೋ ವಿಧಾನದಲ್ಲಿ. ಬೆಲ್ಲ, ಹಣ್ಣು ಮುಟ್ಟಿದ ಕೈಯಲ್ಲಿ ನೇರವಾಗಿ ಚುಚ್ಚಿದರೆ ಸಂಖ್ಯೆ ಏರುತ್ತೆ, ಸ್ಪಿರಿಟ್ ಒರೆಸಿದರೂ ಸಿಹಿ ಪೂರ್ತಿ ಹೋಗಲ್ಲ. ನೀರು-ಸೋಪಲ್ಲಿ ತೊಳೆಸಿ, ಒಣಗಿಸಿ, ಮೊದಲ ಹನಿ ಒರೆಸಿ ಎರಡನೇ ಹನಿ ತಗೊಳ್ಳಿ. ರಕ್ತ ಬರ್ತಿಲ್ಲ ಅಂತ ಬೆರಳು ಹಿಂಡಬೇಡಿ. ಸ್ಪಿರಿಟ್ ಆರೋ ಮುಂಚೆ ಚುಚ್ಚಿದರೂ ಓದು ಕೆಡುತ್ತೆ. ರಕ್ತ ತೀರಾ ಕಡಿಮೆ ಇರೋರಿಗೆ ಗ್ಲೂಕೋಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತೆ, ಹಿಮೋಗ್ಲೋಬಿನ್ ಜೊತೆಗೇ ಬರೆದು ಕಳಿಸಿ.

ಗ್ಲೂಕೋಮೀಟರ್ ಸ್ಟ್ರಿಪ್‌ನ ಬಾಟಲಿ ತೆರೆದ ತಾರೀಖು ಬಾಟಲಿ ಮೇಲೇ ಬರೀಬೇಕು. ತೆರೆದ ಮೇಲೆ ಎಷ್ಟು ದಿನ ಅನ್ನೋದು ಲೇಬಲ್ ಮೇಲಿರುತ್ತೆ. ಮುಚ್ಚಳ ತೆಗೆದಿಟ್ಟು ಇಪ್ಪತ್ತು ಜನರನ್ನ ಸಾಲಾಗಿ ನೋಡೋದು ಕ್ಯಾಂಪ್‌ಗಳಲ್ಲಿ ಮಾಮೂಲು. ಮುಚ್ಚಳದಲ್ಲೇ ತೇವ ಹೀರೋ ಪುಡಿ ಇರೋದು, ಪ್ರತಿ ಸಲ ಮುಚ್ಚಿ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಬಾಟಲಿ ಬಿಟ್ಟರೆ ಮುಗೀತು.

ಯಾದೃಚ್ಛಿಕ ಶುಗರ್ (ಊಟದ ಹೊತ್ತು ಲೆಕ್ಕಿಸದೆ ನೋಡಿದ್ದು) 140 ದಾಟಿದರೆ ಖಾಲಿ ಹೊಟ್ಟೆ ಮತ್ತು ಊಟದ ನಂತರದ ಪರೀಕ್ಷೆಗೆ ಪಿಎಚ್‌ಸಿಗೆ. ಒಂದೇ ಗ್ಲೂಕೋಮೀಟರ್ ಓದು ನೋಡಿ "ನಿಮಗೆ ಶುಗರ್ ಇದೆ" ಅಂತ ಹೇಳಿ ಕಳಿಸಬೇಡಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಚೀಟಿ ಕೊಡುವಾಗ ಬಸ್ ಸಮಯ ಕೇಳಿ. ಮೊದಲ ಬಸ್ಸೇ ಒಂಬತ್ತೂವರೆಗೆ ಅಂದರೆ ಅವರು ತಿಂಡಿ ತಿಂದೇ ಬರ್ತಾರೆ.

ಬಿಪಿ ಬಗ್ಗೆ ಒಂದೇ ಮಾತು: ತೋಳಿಗೆ ಸುತ್ತೋ ಪಟ್ಟಿಯ ಅಳತೆ. ಮಾಮೂಲಿ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಸುತ್ತಿದರೆ ಇಲ್ಲದ ಬಿಪಿ ಬರುತ್ತೆ. ದೊಡ್ಡ ಪಟ್ಟಿ ಒಂದು ಪ್ರತಿ ಸೆಂಟರ್‌ಗೂ ಬೇಕು.

ಗುಡಿಬಂಡೆ ಎಂಒ
ತುಂಬಾ ಉಪಯೋಗ ಆಯ್ತು. ಡೋಸ್ ವಿಷಯ ಯಾರೂ ಮುಟ್ಟಲಿಲ್ಲ. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆ 2019ರ 32ನೇ ಸೆಕ್ಷನ್ ಪ್ರಕಾರ ಸಿಎಚ್‌ಒ ತಾವೇ ಬರೆಯಬಹುದು ಅಂತ ಒಬ್ಬರು ವಾದ ಮಾಡ್ತಿದ್ದಾರೆ.

ಫಾರ್ಮಸಿ ಕಿಟಕಿ, ಕೋಲಾರ
ಆ ಸೆಕ್ಷನ್ ಸಮುದಾಯ ಆರೋಗ್ಯ ಪೂರೈಕೆದಾರರಿಗೆ ಸೀಮಿತ ಲೈಸೆನ್ಸ್ ಕೊಡಬಹುದು ಅನ್ನುತ್ತೆ ಸರ್. ಲೈಸೆನ್ಸ್ ಕೈಯಲ್ಲಿದ್ದರೆ ಮಾತ್ರ ಆ ಮಾತು. ಸಿಎಚ್‌ಒ ಹುದ್ದೆಗೆ ಆದೇಶ ಬಂದ ಮಾತ್ರಕ್ಕೆ ಅದು ಸಿಕ್ಕಂತಲ್ಲ.

ಸಿಎಚ್‌ಒ ಮಧುಗಿರಿ
ನಾನೂ ಒಪ್ತೀನಿ. ಶುರು ಮಾಡೋದು, ಏರಿಸೋದು ಎಂಒ. ಮುಂದುವರಿಸೋದು ಸಿಎಚ್‌ಒ. ಕಾರ್ಡ್ ಮೇಲೆ ಎಂಒ ಬರೆದು ಸಹಿ ಹಾಕಿದ ಮಾತ್ರೆ, ಅದೇ ಡೋಸ್, 30 ದಿನಕ್ಕೆ. ಬಿಪಿ ಹತೋಟಿಯಲ್ಲಿದ್ದರೆ ಇಷ್ಟೇ. 140/90 ಅಥವಾ ಜಾಸ್ತಿ ಬಂದರೆ ಮೊದಲು ಮಾತ್ರೆ ಎಣಿಸಬೇಕು. 30 ಕೊಟ್ಟಿದ್ದರಲ್ಲಿ 14 ಉಳಿದಿದ್ದರೆ ಡೋಸ್ ಸಾಲದು ಅಂತಲ್ಲ, ನುಂಗಿಲ್ಲ ಅಂತ. ಆಗ ಏರಿಸಿದರೆ, ಮುಂದಿನ ತಿಂಗಳು ಸರಿಯಾಗಿ ನುಂಗಿ ತಲೆಸುತ್ತಿ ಬೀಳ್ತಾರೆ. ಸರಿಯಾಗಿ ನುಂಗಿಯೂ ಹತೋಟಿಗೆ ಬಂದಿಲ್ಲ ಅಂದರೆ ಮಾತ್ರ ಇ-ಸಂಜೀವಿನಿಯಲ್ಲಿ (ವಿಡಿಯೊ ಕಾಲ್‌ನಲ್ಲಿ ವೈದ್ಯರ ಸಲಹೆ) ಎಂಒ ಮುಂದೆ.

ಬರೆದು ಗೋಡೆಗೆ ಅಂಟಿಸಬೇಕಾದ ಗೆರೆಗಳು ಇವು. 180/110 ದಾಟಿದರೆ ಅವತ್ತೇ ವೈದ್ಯರ ಬಳಿ. ಎದೆನೋವು, ಉಸಿರುಕಟ್ಟೋದು, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು ಇದ್ದರೆ ಇ-ಸಂಜೀವಿನಿ ಎಲ್ಲ ಬೇಡ, 108. ಶುಗರ್ 70ರ ಕೆಳಗಿದ್ದು ಪ್ರಜ್ಞೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಅಮ್ಲೋಡಿಪಿನ್‌ನಿಂದ ಕಾಲು ಊದಿದರೆ ರೋಗಿ ಹೇಳದೇ ಮಾತ್ರೆ ಬಿಡ್ತಾರೆ, ನೀವೇ ಕೇಳಿ. ಟೆಲ್ಮಿಸಾರ್ಟನ್ ಮೇಲಿರೋ, ಮಗು ಆಗೋ ವಯಸ್ಸಿನ ಹೆಂಗಸರಿಗೆ ಪ್ರತಿ ತಿಂಗಳೂ ಮುಟ್ಟಿನ ತಾರೀಖು ಕೇಳಿ. ಗರ್ಭ ನಿಂತಿರಬಹುದು ಅನ್ನಿಸಿದರೆ ಅವತ್ತೇ ಎಂಒಗೆ ಫೋನ್, ಆ ಮಾತ್ರೆ ಗರ್ಭಿಣಿಯರಿಗೆ ಕೊಡೋ ಹಾಗಿಲ್ಲ. ಮೆಟ್‌ಫಾರ್ಮಿನ್‌ನವರಿಗೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್.

ಇ-ಸಂಜೀವಿನಿ ಕೆಡೋದು ಎರಡು ಕಡೆ. ಸಿಎಚ್‌ಒ ಕಾಲ್ ಹಾಕಿದ ಮೇಲೆ ಬಿಪಿ ನೋಡೋಕೆ ಶುರು ಮಾಡ್ತಾರೆ. ಎಂಒ ಕಡೆ ಬೆಳಗಿನ ಓಪಿಡಿ ಸಾಲು ನಿಂತಿರುತ್ತೆ. ಬಿಪಿ, ಶುಗರ್, ಹಳೆ ಚೀಟಿ, ಉಳಿದ ಮಾತ್ರೆ ಎಲ್ಲ ಮೇಜಿನ ಮೇಲಿಟ್ಟುಕೊಂಡು, ಮಧ್ಯಾಹ್ನ ಮೂರರ ನಂತರ, ರೋಗಿಗಳನ್ನ ಒಟ್ಟಿಗೆ ಕರೆಸಿ ಮಾಡಿ. ಒಬ್ಬರಿಗೆ ನಾಲ್ಕೈದು ನಿಮಿಷ ಸಾಕು.

ಆಶಾ ಸುಗಮಕಾರರು, ಶಿಡ್ಲಘಟ್ಟ
ನೀವೆಲ್ಲ ಸೆಂಟರ್ ಒಳಗೆ ಕೂತು ಮಾತಾಡ್ತಿದ್ದೀರಿ. ಸಿಬ್ಯಾಕ್ ಫಾರಂ (ಯಾರಿಗೆ ಕಾಯಿಲೆ ಅಪಾಯ ಜಾಸ್ತಿ ಅಂತ ಅಳೆಯೋ ಪ್ರಶ್ನಾವಳಿ) ತುಂಬೋದು ಮನೆ ಬಾಗಿಲಲ್ಲಿ. ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ವ್ಯಾಯಾಮ, ಮನೆತನದ ಕಾಯಿಲೆಗೆ ಅಂಕ ಹಾಕಿ, 4 ದಾಟಿದವರನ್ನ ಮೊದಲು ಕಳಿಸಬೇಕು. ಸೊಂಟದ ಅಳತೆ ಟೇಪ್ ಇಲ್ಲದೆ ಅಂದಾಜಲ್ಲಿ ಬರೆದರೆ ಫಾರಂ ಎಲ್ಲ ಸುಳ್ಳು. ಟೇಪ್ ಕೊಡಿಸಿ ಮೊದಲು.

ಗಂಡಸರು ಸಿಗಲ್ಲ ಅಂತ ಎಲ್ಲರೂ ಅಂತಾರೆ. ಸಿಗೋ ಹೊತ್ತಿಗೆ ಹೋಗಲ್ಲ, ಅದು ನಿಜ. ರೇಷ್ಮೆ ರೀಲಿಂಗ್ ಮಾಡೋರು ಬೆಳಗ್ಗೆ ಬೇಗ ನೂಲು ಬಿಚ್ಚೋಕೆ ಕೂತಿರ್ತಾರೆ, ಎದ್ದು ಬರೋಕಾಗಲ್ಲ. ರೇಷ್ಮೆ ಹುಳ ಕೊನೆ ಜ್ವರ (ಪೊರೆ ಬಿಡೋ ಹಂತ) ದಾಟಿ ಹಣ್ಣಾಗೋ (ಗೂಡು ಕಟ್ಟೋಕೆ ತಯಾರಾಗೋ) ವಾರ ಮನೆಯವರು ಯಾರೂ ಬಾಗಿಲಿಗೇ ಬರಲ್ಲ. ಟೊಮೆಟೊ ಕೀಳೋರು ಸಂಜೆ ಐದರ ಮೇಲೆ ಸಿಗ್ತಾರೆ. ತಿಂಗಳಿಗೆ ಎರಡು ದಿನ ಸಿಎಚ್‌ಒ ಸಂಜೆ ಏಳರವರೆಗೆ ಡೈರಿ ಹತ್ತಿರ ಕೂರಲಿ, ಅವತ್ತು ಬೆಳಗ್ಗೆ ತಡವಾಗಿ ಬರೋಕೆ ಎಂಒ ಬರವಣಿಗೆಯಲ್ಲಿ ಒಪ್ಪಿಗೆ ಕೊಡಲಿ. ಹಾಲು ಹಾಕೋಕೆ ಬಂದೋರೆಲ್ಲ ಸಿಗ್ತಾರೆ. ಬಂದ ತಕ್ಷಣ ಬಿಪಿ ನೋಡಬೇಡಿ, ಕ್ಯಾನ್ ಹೊತ್ತು ಬಂದಿರ್ತಾರೆ, ಐದು ನಿಮಿಷ ಕೂರಿಸಿ.

ಬಾಗೇಪಲ್ಲಿ ಕಡೆ ಮನೆಮಾತು ತೆಲುಗು. ಸಿಎಚ್‌ಒ ಬೇರೆ ಜಿಲ್ಲೆಯವರಾಗಿದ್ದರೆ ಮೊದಮೊದಲು ಆಶಾ ಜೊತೆಗಿರಲೇಬೇಕು, ಇಲ್ಲದಿದ್ದರೆ ರೋಗಿಗಳು ಎಲ್ಲ ಪ್ರಶ್ನೆಗೂ ತಲೆ ಆಡಿಸಿ ಹೋಗ್ತಾರೆ.

ಮತ್ತೆ ಗೃಹ ಆರೋಗ್ಯ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲೇ ಮೊದಲು ಶುರುವಾಗಿದ್ದು ಅದು. ಮನೆಗೇ ಹೋಗಿ ತಪಾಸಣೆ. ಆ ತಂಡ ನೋಡಿದವರ ಹೆಸರನ್ನ ಇನ್ನೊಮ್ಮೆ ಹೊಸ ರೋಗಿ ಅಂತ ಸೇರಿಸಬೇಡಿ. ಫೋನ್ ನಂಬರ್, ಆಭಾ ನಂಬರ್ (ಆರೋಗ್ಯ ಗುರುತಿನ ಸಂಖ್ಯೆ) ಎರಡರಲ್ಲೂ ಹುಡುಕಿ ಆಮೇಲೆ ಸೇರಿಸಿ. ಒಂದೇ ಮನೆಯ ನಾಲ್ವರಿಗೂ ಮಗನ ನಂಬರ್ ಇರುತ್ತೆ, ಹೆಸರು-ವಯಸ್ಸು ತಾಳೆ ನೋಡಿ.

ಎಚ್‌ಐಒ ಪಾವಗಡ
ನಮ್ಮನ್ನ ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಅಂತ ಬರೀತಿದ್ದೀನಿ. ಬಿಪಿ ಎಂಟ್ರಿ ಬಾಕಿ ಇದೆ ಅಂತ ಎಚ್‌ಐಒನ ಟ್ಯಾಬ್ ಮುಂದೆ ಕೂರಿಸಿದರೆ ಸೊಳ್ಳೆ ಲಾರ್ವಾ ಸಮೀಕ್ಷೆ, ರಕ್ತಲೇಪನ (ಮಲೇರಿಯಾ ಪರೀಕ್ಷೆಗೆ), ನೀರು ನೋಡೋದು ಯಾರು? ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ಮೂರು ಜಿಲ್ಲೆಯಲ್ಲಿ ನೀರು ಬಿಡೋ ಹಾಗೇ ಇಲ್ಲ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಎಚ್2ಎಸ್ ಬಾಟಲಿ (ನೀರಲ್ಲಿ ಕ್ರಿಮಿ ಇದೆಯಾ ನೋಡೋದು) ಕಪ್ಪಾಗಲಿಲ್ಲ ಅಂದರೆ ಕ್ರಿಮಿ ಇಲ್ಲ ಅಂತಷ್ಟೇ, ಫ್ಲೋರೈಡ್ ಇಲ್ಲ ಅಂತಲ್ಲ. ಬ್ಲೀಚಿಂಗ್ ಹಾಕಿದರೂ, ಕಾಯಿಸಿದರೂ ಫ್ಲೋರೈಡ್ ಹೋಗಲ್ಲ. ಅದರ ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿ, ಗಾಜಿನದ್ದು ಬೇಡ. ಕ್ಲೋರಿನ್ ಕೊನೆ ನಲ್ಲಿಯಲ್ಲಿ ನೋಡಿ, ಟ್ಯಾಂಕ್ ಕೆಳಗಿನ ನಲ್ಲಿಯಲ್ಲಿ ಅಲ್ಲ. ಕೊನೆ ನಲ್ಲಿಯಲ್ಲೇ ಲೀಟರಿಗೆ 0.2 ಮಿ.ಗ್ರಾಂ ಸಿಕ್ಕಬೇಕು.

ಸಿಎಚ್‌ಒಗಳಿಗೆ ಒಂದು ಕೋರಿಕೆ. ಮಂಡಿ, ಸೊಂಟ ನೋವು ಅಂತ ಒಂದೇ ಊರಿಂದ ಸಾಲಾಗಿ ಬಂದರೆ ಬರೀ ನೋವಿನ ಮಾತ್ರೆ ಕೊಟ್ಟು ಕಳಿಸಬೇಡಿ, ಊರ ಹೆಸರು ನಮಗೆ ಹೇಳಿ. ಮೂತ್ರಪಿಂಡ ಮೊದಲೇ ದುರ್ಬಲ ಇರೋ ಬಿಪಿ ರೋಗಿಗೆ ಡೈಕ್ಲೋಫೆನಾಕ್ ಕೊಡ್ತಾ ಹೋದರೆ ಬಿಪಿಯೂ ಇಳಿಯಲ್ಲ. ಎರಡು ವಾರ ದಾಟಿದ ಕೆಮ್ಮು ಸಿಕ್ಕರೆ ಕಫದ ಡಬ್ಬಿ ಅಲ್ಲೇ ಕೊಡಿ, ಸಾಗಿಸೋದು ನಮ್ಮದು. ಡಬ್ಬಿ ಮೇಲೆ ಹೆಸರು ಬರೀರಿ, ಮುಚ್ಚಳದ ಮೇಲಲ್ಲ.

ಬಿಪಿಎಂ (ತಾಲ್ಲೂಕು ಕಾರ್ಯಕ್ರಮ ವ್ಯವಸ್ಥಾಪಕರು), ತುಮಕೂರು
ಸಿಎಚ್‌ಒ ರಜೆ ಹಾಕಿದರೆ, ಬದಲಾದರೆ ಏನು ಅಂತ ಯಾರೂ ಹೇಳಲಿಲ್ಲ. ಸಿಎಚ್‌ಒ ಗುತ್ತಿಗೆ ನೌಕರರು, ಬಿಟ್ಟು ಹೋಗೋದು, ವರ್ಗ ಆಗೋದು ಇದ್ದೇ ಇದೆ. ಅಲ್ಮೇರಾ ಎರಡನೇ ಕೀಲಿ ಪಿಎಚ್‌ಸಿಯಲ್ಲಿರಲಿ. ಹೊರಡೋ ದಿನ ಮೂರು ಎಣಿಕೆ ಬರೆದು ಸಹಿ ಆಗಲಿ: ಕಾರ್ಡ್ ಎಷ್ಟು, ಮಾತ್ರೆ ಎಷ್ಟು, ಬಾಕಿ ರೋಗಿ ಎಷ್ಟು. ಸೆಂಟರ್‌ನ ಜನ ಆರೋಗ್ಯ ಸಮಿತಿಗೆ ಸಿಎಚ್‌ಒ ಸದಸ್ಯ ಕಾರ್ಯದರ್ಶಿ, ಗ್ರಾಮ ಪಂಚಾಯಿತಿ ಅಧ್ಯಕ್ಷರು ಅಧ್ಯಕ್ಷರು, ಎಂಒ ಸಹ ಅಧ್ಯಕ್ಷರು. ಸಿಎಚ್‌ಒ ಬದಲಾದಾಗ ಬ್ಯಾಂಕ್ ಸಹಿ ಬದಲಾಯಿಸೋದು ಮರೆತರೆ ಮುಕ್ತ ನಿಧಿ (ಸೆಂಟರ್‌ನ ಸಣ್ಣಪುಟ್ಟ ಖರ್ಚಿನ ಹಣ) ಅಲ್ಲೇ ಕೂತುಬಿಡುತ್ತೆ. ಟೇಪ್, ದೊಡ್ಡ ಬಿಪಿ ಪಟ್ಟಿ, ಬ್ಯಾಟರಿ, ಕಾರ್ಡ್ ಡಬ್ಬ ಇವೆಲ್ಲ ಸಮಿತಿಯಲ್ಲಿ ಠರಾವು ಮಾಡಿ ಅದರಲ್ಲೇ ತಗೊಳ್ಳಬಹುದು.

ಗುಡಿಬಂಡೆ ಎಂಒ
ಸಿಎಚ್‌ಒ ಇಲ್ಲದ ಎರಡು ಸೆಂಟರ್‌ಗೆ? ಪಿಎಚ್‌ಸಿಒಗೇ ಮಾತ್ರೆ ಪಟ್ಟಿ ಕೊಡಬಹುದಾ?

ಶಿರಾ ಪಿಎಚ್‌ಸಿಒ
ಬೇಡ ಸರ್. ಒಬ್ಬರ ಮೇಲೆ ಎರಡು ಪಟ್ಟಿ ಹಾಕಿದರೆ ಲಸಿಕೆಯೂ ಕೆಡುತ್ತೆ. ಪಕ್ಕದ ಸೆಂಟರ್ ಸಿಎಚ್‌ಒ ತಿಂಗಳಿಗೆ ಎರಡು ನಿಗದಿತ ದಿನ ಅಲ್ಲಿ ಕೂರಲಿ, ಉದಾಹರಣೆಗೆ ಎರಡನೇ ಮತ್ತು ನಾಲ್ಕನೇ ಬುಧವಾರ. ಆ ರೋಗಿಗಳ ತಾರೀಖೆಲ್ಲ ಆ ಎರಡು ಬುಧವಾರಕ್ಕೇ ಬೀಳೋ ಹಾಗೆ ಕಾರ್ಡ್ ಹಾಕಿ.

ಫಾರ್ಮಸಿ ಕಿಟಕಿ, ಕೋಲಾರ
ಹಾಗೆ ಮಾಡಿದರೆ 30 ಮಾತ್ರೆ ಸಾಲಲ್ಲ, ಅಕ್ಕ. ಎರಡನೇ ಬುಧವಾರದಿಂದ ಮುಂದಿನ ಎರಡನೇ ಬುಧವಾರಕ್ಕೆ ಕೆಲವು ತಿಂಗಳು 28 ದಿನ, ಕೆಲವು ತಿಂಗಳು 35 ದಿನ. ಆ ಎರಡು ಸೆಂಟರ್‌ಗೆ ತಲಾ 35ರಂತೆ ಕೊಡಿ, ಇಂಡೆಂಟ್‌ನಲ್ಲೂ ಅದೇ ಲೆಕ್ಕ ಹಿಡೀರಿ. ಉಳಿದ ಮಾತ್ರೆ ಎಣಿಸುವಾಗಲೂ 35ರಲ್ಲಿ ಕಳೆಯಿರಿ, ಇಲ್ಲದಿದ್ದರೆ ಸರಿಯಾಗಿ ನುಂಗಿದವರೂ ತಪ್ಪಿಸಿದ ಹಾಗೆ ಕಾಣ್ತಾರೆ.